ಗಾಯರಾಣದ ಮಾತು ಬ್ಯಾಡ

ಯಾರನ್ನಾದರೂ ಅಜಾತಶತ್ರು ಅಂತ ಕರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಸರ್ ಅವರ ನಿವೃತ್ತಿಯ ಬೀಳ್ಕೊಡುಗೆ ನಡೆಯಿತು. ಮೈಕಿನ ಮುಂದೆ ನಿಂತವರೆಲ್ಲರದೂ ಅದೇ ಮಾತು. ಒಬ್ಬರು ಶಾಲು ಹೊದಿಸಿ ಅಂದರು, ಇನ್ನೊಬ್ಬರು ಹಾರ ಹಾಕಿ ಅಂದರು, ನಮ್ಮ ಪ್ರಾಚಾರ್ಯರಂತೂ ಬರೆದುಕೊಂಡು ಬಂದು ಓದಿದರು. ಸರ್ ಮಾತ್ರ ಹಾರದೊಳಗೆ ಮುಖ ಮುಚ್ಚಿಹೋದಂತೆ ಕೂತಿದ್ದರು. ನಿವೃತ್ತಿಗೆ ಮುಂಚಿನ ಆ ಒಂದು ವರ್ಷದಲ್ಲಿ ಅವರಿಗೆ ಏನಾಗಿತ್ತು ಎಂಬುದು ಅಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು. ನನ್ನನ್ನೂ ಮಾತಾಡಲು ಕರೆದರು. ಎದ್ದು ನಿಂತರೆ ಏನು ಅಂದುಬಿಡುತ್ತೇನೋ ಎಂಬ ಹೆದರಿಕೆಗೆ ಗಂಟಲು ಕಟ್ಟಿದೆ ಅಂತ ಸುಳ್ಳು ಹೇಳಿ ಕೂತುಕೊಂಡೆ. ಅವತ್ತು ನುಂಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸರ್ ರಾಜ್ಯಶಾಸ್ತ್ರ ಕಲಿಸುತ್ತಿದ್ದರು, ನಾನು ಅರ್ಥಶಾಸ್ತ್ರ. ಯಲಬುರ್ಗಾ ಕಡೆಯ ಒಂದು ಪದವಿ ಕಾಲೇಜು ನಮ್ಮದು. ಇಬ್ಬರ ಮನೆಯೂ ಕೊಪ್ಪಳದಲ್ಲಿ, ಹಾಗಾಗಿ ಇಷ್ಟು ವರ್ಷ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು. ಅವರು ಯಾವಾಗಲೂ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಕಂಡಕ್ಟರ್ ಕೇಳಲಿ ಬಿಡಲಿ, ಜಗತ್ತಿನ ಸಮಾಚಾರ ಹೇಳುತ್ತಿದ್ದರು. ಅವರಿಗೆ ಒಂದು ದೇಶದ ರಾಜಕೀಯದಲ್ಲಿ ಅಷ್ಟು ರುಚಿ ಇರಲಿಲ್ಲ. ಅಕ್ಕಪಕ್ಕದ ದೇಶಗಳು ಸೇರಿ ಒಕ್ಕೂಟ ಕಟ್ಟಿಕೊಳ್ಳುತ್ತವಲ್ಲ, ಆ ಒಕ್ಕೂಟಗಳು ಕಳ್ಳಸಾಗಣೆ, ಕಡಲ್ಗಳ್ಳರು, ಬಂದೂಕು ಹಿಡಿದ ಗುಂಪುಗಳನ್ನು ಕೂಡಿ ಹೇಗೆ ಎದುರಿಸುತ್ತವೆ ಎಂಬುದೇ ಅವರ ಪಾಠ, ಹುಚ್ಚು, ಊಟ ಎಲ್ಲವೂ.

ಊಟ ಅಂದದ್ದು ಸುಮ್ಮನೆ ಅಲ್ಲ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದರೆ ಸಾಕು, ನಮ್ಮ ಡಬ್ಬಿಗಳೆಲ್ಲ ದೇಶಗಳಾಗುತ್ತಿದ್ದವು. “ಇದು ಇಂಡೊನೇಷ್ಯಾ” ಅಂತ ನನ್ನ ರೊಟ್ಟಿ ಡಬ್ಬಿಯನ್ನು ಎಳೆದುಕೊಳ್ಳುವರು. “ಇದು ಮಲೇಷ್ಯಾ. ಈ ಸಣ್ಣದು, ಶೇಂಗಾ ಚಟ್ನಿದು, ಸಿಂಗಪುರ. ನಡುವ ಇದು ಮಲಕ್ಕಾ ಜಲಸಂಧಿ. ಭಾಳ ಸಪೂರ ದಾರಿ, ಇದರಾಗ ಸಾಲು ಹಿಡದು ಹಡಗ ಬರ್ತಾವ. ಕಡಲ್ಗಳ್ಳ ಈ ನೀರಾಗ ಲೂಟಿ ಮಾಡ್ತಾನ, ಆ ನೀರಿಗೆ ಹೋಗಿ ಬೀಡಿ ಹಚ್ತಾನ. ಬೆನ್ನ ಹತ್ತಿದ ದೋಣಿ ಗೆರಿ ಬಂದಕೂಡ್ಲೆ ನಿಂದ್ರಬೇಕು. ಯಾಕ? ಮುಂದಿನ ನೀರು ಇನ್ನೊಬ್ಬರದು!” ನಾವು ಹಸಿದು ಕೂತಿರುತ್ತಿದ್ದೆವು. ಮಲೇಷ್ಯಾದ ಮುಚ್ಚಳ ತೆಗೆಯುವ ಹಾಗಿರಲಿಲ್ಲ.

“ಕಳ್ಳಗ ಗಡಿ ಇಲ್ಲ, ಕಾಯಾವಗ ಐತಿ” ಎಂಬುದು ಅವರದೇ ಮಾತು. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದರು.

ಇನ್ನೊಂದು ರೋಗ ಇತ್ತು ಅವರಿಗೆ. ಒಮ್ಮತ. ಎಲ್ಲರೂ ಹೂಂ ಅನ್ನದೆ ಯಾವ ಕೆಲಸವನ್ನೂ ಮಾಡಬಾರದು. ಸ್ಟಾಫ್ ರೂಮಿನ ಫ್ಯಾನು ಹಾಕಬೇಕಾದರೂ ಒಬ್ಬೊಬ್ಬರನ್ನೂ ಕೇಳುವರು. ಒಮ್ಮೆ ಬಿ.ಎ. ಕೊನೆಯ ವರ್ಷದವರ ಪ್ರವಾಸದ ಹೊಣೆ ಇವರ ತಲೆಗೆ ಬಿತ್ತು. ನಮ್ಮ ಕಾಲೇಜಿಗೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಂದ ಮಕ್ಕಳು ಬರುತ್ತಾರೆ. ಯಲಬುರ್ಗಾ, ಕುಷ್ಟಗಿಯ ಮಕ್ಕಳು ಮುನಿರಾಬಾದಿಗೆ ಹೋಗಿ ತುಂಗಭದ್ರಾ ಡ್ಯಾಮಿನ ನೀರು ನೋಡಬೇಕು ಅಂದರು. ಗಂಗಾವತಿಯವರು, “ನೀರೇನ್ ನೋಡೂದ್ರಿ ಸರ್, ಮನಿ ಮುಂದ ಕಾಲುವಿ ಐತಿ” ಅಂದರು. ಕೊಪ್ಪಳದವರು ಗೋವಾ ಅಂದರು. ನಾನಾಗಿದ್ದರೆ ಚೀಟಿ ಎತ್ತಿ ಮುಗಿಸುತ್ತಿದ್ದೆ. ಸರ್ ದಿನಾ ಒಂದು ಸಭೆ ಕರೆದರು. ಪರೀಕ್ಷೆ ಬಂತು, ಮಕ್ಕಳು ಪಾಸಾಗಿ ಹೋದರು, ಪ್ರವಾಸ ಹೋಗಲಿಲ್ಲ. ಆ ಬ್ಯಾಚಿನ ಹುಡುಗನೊಬ್ಬ ಈಗ ಅದೇ ರೂಟಿನ ಕಂಡಕ್ಟರು. ನಾವು ಬಸ್ಸು ಹತ್ತಿದಾಗೆಲ್ಲ, “ಸರ್, ಡ್ಯಾಮಿಗೆ ಯಾವಾಗ್ರಿ?” ಅಂತ ಕೇಳುತ್ತಿದ್ದ. ಸರ್ ನಗುತ್ತಿದ್ದರು. ನಾನು ಕಿಟಕಿ ಕಡೆ ತಿರುಗುತ್ತಿದ್ದೆ.

“ಬಹುಮತ ಅಂತ ಒಂದೈತಲ್ರೀ ಸರ್?” ಅಂತ ಕೇಳಿದ್ದೆ ಆ ಪ್ರವಾಸದ ಸಭೆಗಳ ಕಾಲದಲ್ಲಿ.

“ಐತಿ ಮೇಡಂ. ಬಹುಮತದಾಗ ಸೋತಾಂವ ಸಿಟ್ಟಾಗಿ ಎದ್ದು ಹೋಗ್ತಾನ. ಅವನ ಹೊಲದಾಗ ಕಳ್ಳ ಇಳೀತಾನ. ಆಮ್ಯಾಲ ಗೆದ್ದಾಂವ ಏನ್ ಮಾಡ್ತಾನ?”

ಇವರ ಜತೆ ಜಗಳಕ್ಕೆ ಇಳಿದರೆ ಬರುವ ಸಂಕಟವೇ ಇದು. ಮಾತು ಸರಿಯಾಗಿರುತ್ತಿತ್ತು, ಕೆಲಸ ಮಾತ್ರ ಆಗುತ್ತಿರಲಿಲ್ಲ.

ನಮ್ಮ ಎಂಟು ದೇಶಗಳ ದಕ್ಷಿಣ ಏಷ್ಯಾ ಒಕ್ಕೂಟದ ವಿಷಯ ಬಂದರೆ ನಮ್ಮಿಬ್ಬರಿಗೂ ಬಸ್ಸು ಇಳಿಯುವತನಕ ವಾದ. ನಾಯಕರು ಒಂದು ಮೇಜಿಗೆ ಕೂತು ವರ್ಷಗಳೇ ಆದವು, ಅದಿನ್ನೂ ಒಕ್ಕೂಟ ಹೇಗಾಗುತ್ತದೆ ಅಂತ ನಾನು. “ಮೇಡಂ, ಅದರ ಸನದಿನಾಗ ಮೊದಲ ಬರದಾರ. ತೀರ್ಮಾನ ಎಲ್ಲಾ ಒಮ್ಮತದ್ದು ಆಗಬೇಕು, ಇಬ್ಬರ ನಡುವಿನ ಜಗಳ ಈ ಮೇಜಿಗೆ ತರಬಾರ್ದು. ಹಂಗ ಬರದಿದ್ಕs ಅದು ಹುಟ್ಟಿತು. ಇಲ್ಲಾಂದ್ರ ಮೊದಲ ದಿನಾನ ಕುರ್ಚಿ ಹಾರ್ತಿದ್ವು” ಅಂತ ಅವರು.

“ಹಂಗ ಬರದಿದ್ಕs ಮಲಗೇತಿ” ಅಂದೆ ನಾನು.

ಅವರು ಕನ್ನಡಕ ತೆಗೆದು ಒರೆಸಿದರು. ಅವರ ಸಿಟ್ಟು ಇಷ್ಟೇ. ಇದಕ್ಕಿಂತ ಮೇಲೆ ಹೋದದ್ದನ್ನು ನಾನು ನೋಡಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಅವರು ಕ್ಲಾಸಿನಲ್ಲಿ ಮಲಕ್ಕಾದ ಕಥೆ ಹೇಳುವಾಗ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಕಿಸಕ್ಕೆಂದು ನಕ್ಕಳಂತೆ. ರೇಣುಕಾ ಅಂತ, ಕುರಿ ಸಾಕುವ ಮನೆಯವಳು. ಯಾಕೆ ನಕ್ಕೆ ಅಂದರೆ, “ನಮ್ಮೂರಾಗ ಕುರಿ ಕಳ್ಳರದೂ ಹಿಂಗ ಐತ್ರಿ ಸರ್. ಗಾಡಿ ಹದ್ದು ದಾಟಿತಂದ್ರ ಮುಗೀತು. ಈ ಕಡಿಯವ್ರು ಆ ಕಡಿ ಹೋಗ್ರಿ ಅಂತಾರ, ಆ ಕಡಿಯವ್ರು ಈ ಕಡಿ ಹೋಗ್ರಿ ಅಂತಾರ.” ಹದ್ದು ಅಂದರೆ ನಮ್ಮಲ್ಲಿ ಊರಿನ, ತಾಲ್ಲೂಕಿನ ಗಡಿ. ಸರ್ ಆ ದಿನ ಪಾಠ ನಿಲ್ಲಿಸಿ ಆ ಹುಡುಗಿಯಿಂದಲೇ ಪಾಠ ಹೇಳಿಸಿಕೊಂಡರು. ಬಸ್ಸಿನಲ್ಲಿ ನನ್ನ ತಲೆ ತಿಂದರು. “ಮೇಡಂ, ನಾ ಇಷ್ಟ ವರ್ಷ ಮಲಕ್ಕಾ ಮಲಕ್ಕಾ ಅಂತ ಬಡಕೊಂಡೆ. ಮಲಕ್ಕಾ ಇಲ್ಲೇ ಐತಲ್ರೀ!”

ರೇಣುಕಾಳ ಊರು ಯಲಬುರ್ಗಾ ತಾಲ್ಲೂಕಿನ ಕೊನೆಗಿದೆ. ಅದರಾಚೆಯದು ಕುಷ್ಟಗಿ ತಾಲ್ಲೂಕಿನ ಊರು. ನಿಜವಾದ ಹೆಸರು ಬರೆದು ಮತ್ತೊಂದು ತಂಟೆ ಯಾಕೆ, ಈಚೆಯೂರು, ಆಚೆಯೂರು ಅಂತ ಇಟ್ಟುಕೊಳ್ಳೋಣ. ಎರಡೂ ಊರಿನಲ್ಲಿ ಕುರಿ ಹೋಗುತ್ತಿದ್ದವು. ಅದೂ ಹಾಡಹಗಲಲ್ಲಿ, ಸಂತೆಯ ದಿನ. ಊರಿಗೆ ಊರೇ ಸಂತೆಗೆ ಹೋದಾಗ ಸರಕಿನ ಗಾಡಿಯೊಂದು ಬರುವುದು, ದೊಡ್ಡಿಯಲ್ಲಿದ್ದ ಕುರಿ ತುಂಬಿಕೊಂಡು ಹೋಗುವುದು.

ರೇಣುಕಾಳ ತಾಯಿ ಹನುಮವ್ವ ಇದೇ ಭಯಕ್ಕೆ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದಳು. ಗಂಡ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ. ಮನೆ, ಮಗಳ ಓದು, ಎಲ್ಲ ನಡೆಯುತ್ತಿದ್ದುದು ಆ ಕುರಿ ಹಿಂಡಿನ ಮೇಲೆ. ಹಿಂಡು ಹೋದರೆ ತಾಯಿ ಮಗಳಿಬ್ಬರೂ ಬಾಗಿಲಿಗೆ ಬೀಗ ಹಾಕಿ ಗಂಗಾವತಿಗೆ ಭತ್ತದ ನಾಟಿಗೆ ಹೋಗಬೇಕು. ಸರ್ ಅವರ ಊರಿಗೆ ಹೋದಾಗ ಹನುಮವ್ವ ಇದನ್ನೆಲ್ಲ ಬಿಡಿಸಿ ಹೇಳಿದಳು. ಸರ್ ಮಾತು ಕೊಟ್ಟರು: “ಯವ್ವಾ, ಎರಡೂ ಊರು ಕೂಡಿ ಕಾಯೋ ಹಂಗ ಮಾಡ್ತೀನಿ. ನೀ ಹೆದರಬ್ಯಾಡ.”

ಎರಡೂ ಊರು ಕೂಡುವುದು ಅಂದರೆ! ಅವುಗಳ ನಡುವೆ ಗಾಯರಾಣ ಇದೆ. ದನ ಕುರಿ ಮೇಯಿಸಲು ಬಿಟ್ಟ ಸರ್ಕಾರಿ ಹುಲ್ಲುಗಾವಲು. ನಮ್ಮದು ಅಂತ ಈಚೆಯೂರು, ನಮ್ಮದು ಅಂತ ಆಚೆಯೂರು. ಅದಕ್ಕಾಗಿ ಬಡಿದಾಡಿ ತಲೆ ಒಡೆದುಕೊಂಡದ್ದಾಗಿದೆ, ಕೋರ್ಟಿಗೆ ಹೋದದ್ದಾಗಿದೆ. ಕೇಸು ಇನ್ನೂ ನಡೆಯುತ್ತಿದೆ. ಅದು ಮುಗಿಯುವ ತನಕ ಇವರು ಈ ಅಂಚಿನಲ್ಲಿ, ಅವರು ಆ ಅಂಚಿನಲ್ಲಿ ಮೇಯಿಸುತ್ತಾರೆ. ನಡುವಿನ ನೆಲಕ್ಕೆ ಒಬ್ಬರು ಕಾಲಿಟ್ಟರೆ ಇನ್ನೊಬ್ಬರು ಬಡಿಗೆ ಹಿಡಿಯುತ್ತಾರೆ. ಹನುಮವ್ವನ ದೊಡ್ಡಿ ಆ ಗಾಯರಾಣದ ಅಂಚಿಗೇ ಇದೆ, ಅದರ ಬಾಗಿಲು ತೆರೆಯುವುದೂ ನಡುವಿನ ನೆಲದ ಕಡೆಗೇ.

ಈ ಊರಿನವರು ಆ ಊರಿಗೆ ಕಾಲಿಡುವುದಿಲ್ಲವಾದ್ದರಿಂದ ಸಭೆ ನಡೆದದ್ದು ಡಾಂಬರು ರಸ್ತೆಯ ಬಸ್ ನಿಲ್ದಾಣದಲ್ಲಿ. ಸರ್ ಒತ್ತಾಯಕ್ಕೆ ನಾನೂ ಹೋಗಿದ್ದೆ. ಈಚೆಯೂರಿನ ಗೌಡರು ಒಂದು ಬೆಂಚಿನಲ್ಲಿ, ಆಚೆಯೂರಿನ ಯಜಮಾನರು ಎದುರಿನ ಬೆಂಚಿನಲ್ಲಿ, ಇಬ್ಬರೂ ರಸ್ತೆಯ ಕಡೆ ಮುಖ ಮಾಡಿಕೊಂಡು. ಸರ್ ಎದ್ದು ನಿಂತು ಮೊದಲು ಹೇಳಿದ್ದು ಇದು: “ಇಲ್ಲಿ ಕುರಿ ಕಳುವಿಂದು ಅಷ್ಟ ಮಾತಾಡೂಣು. ಗಾಯರಾಣದ ಮಾತು ಬ್ಯಾಡ.”

ಅಬ್ಬಾ, ಆಗ ಎರಡೂ ಕಡೆಯವರಿಗೆ ಆದ ಸಂತೋಷ ನೋಡಬೇಕಿತ್ತು! “ಹಂಗಂದ್ರ ಛಲೋ ಆತು ನೋಡ್ರಿ” ಅಂದರು ಗೌಡರು. “ಗುರುಗಳು ಹೇಳಿದ್ದು ಖರೆ ಐತಿ” ಅಂದರು ಯಜಮಾನರು. ಮುಂದಿನದೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಸಂತೆಯ ದಿನ ಎರಡೂ ಊರಿನಲ್ಲಿ ಗಂಡಸರು ಸರದಿ ಮೇಲೆ ಉಳಿಯಬೇಕು. ಅನುಮಾನದ ಗಾಡಿ ಕಂಡರೆ ಇನ್ನೊಂದು ಊರಿಗೂ ಫೋನು ಹಚ್ಚಬೇಕು. ತಮ್ಮ ತಮ್ಮ ಹದ್ದಿನಲ್ಲೇ ನಿಲ್ಲಬೇಕು, ಯಾರೂ ಯಾರ ಹದ್ದನ್ನೂ ದಾಟಬಾರದು. ಎಲ್ಲರೂ ಹೂಂ ಅಂದರು.

ನಾನು ಬಾಯಿ ಮುಚ್ಚಿಕೊಂಡು ಇರುವವಳಲ್ಲ. “ಅಲ್ರೀ, ಗಾಡಿ ಹೋಗೂ ದಾರಿ ಗಾಯರಾಣದ ನಡುವನ ಐತಿ. ಅಲ್ಲಿ ಯಾರು ನಿಂದರೋರು?” ಅಂದೆ. ಗೌಡರು ಮೀಸೆ ತಿರುವಿದರು. ಯಜಮಾನರು ಎದ್ದೇಬಿಟ್ಟರು. ಸರ್ ಓಡಿಬಂದು ನನ್ನ ಮುಂದೆ ಅಡ್ಡ ನಿಂತು, “ಮೇಡಂ ಪ್ಯಾಟಿಯವ್ರು, ಅವ್ರಿಗೆ ಗೊತ್ತಿಲ್ರಿ, ಕುಂದರ್ರಿ ಯಜಮಾನ್ರ” ಅಂತ ಅವರನ್ನು ಕೂರಿಸಿದರು. ಚಹಾ ಬಂತು.

ತಿರುಗಿ ಬರುವಾಗ ನಾನು ಬಸ್ಸಿನಲ್ಲಿ ಬೇರೆ ಸೀಟು ಹಿಡಿದು ಕೂತೆ. ಅವರೇ ಎದ್ದು ಬಂದು ಶುರುಮಾಡಿದರು. “ಸಿಟ್ಟಾಗಬ್ಯಾಡ್ರಿ. ಮಲಕ್ಕಾದಾಗೂ ಮೊದಲ ಹಿಂಗs ಆತು. ತಮ್ಮ ತಮ್ಮ ನೀರಾಗ ಗಸ್ತು. ಆಮ್ಯಾಲ ನಂಬಿಕಿ ಬಂತು, ಬ್ಯಾರೆ ಬ್ಯಾರೆ ದೇಶದ ಅಧಿಕಾರಿಗಳು ಒಂದ ವಿಮಾನದಾಗ ಕುಂತು ಗೆರಿ ದಾಟಿ ಹಾರಾಡಿದ್ರು. ಆಫ್ರಿಕಾದಾಗ ಒಂದ ದೊಡ್ಡ ಕೆರಿ ಸುತ್ತಲಿನ ದೇಶಗಳು ಜಂಟಿ ಪಡಿ ಕಟ್ಯಾವ. ಬೆನ್ನ ಹತ್ತಿದ ಸಿಪಾಯಿ ಪಕ್ಕದ ದೇಶದಾಗ ಒಂದಷ್ಟು ದೂರ ಹೋಗಬಹುದು. ಅದೇನ್ ಒಂದ ದಿನದಾಗ ಆತೇನು? ಒಂದ ಹೆಜ್ಜಿ ಮ್ಯಾಲ ಒಂದ ಹೆಜ್ಜಿ.”

“ಅಲ್ಲಿತನಕ ಕುರಿ ಕಾಯ್ತಾವೇನ್ರಿ ಸರ್?” ಅಂದೆ. ಕನ್ನಡಕ ಒರೆಸಿದರು.

ಕೆಲವು ಸಂತೆಗಳು ಸುಮ್ಮನೆ ಕಳೆದವು. ಸರ್ ಮುಖ ಅರಳಿಹೋಗಿತ್ತು. ಕ್ಲಾಸಿನಲ್ಲಿ ಆಗ್ನೇಯ ಏಷ್ಯಾ ಆದ ಮೇಲೆ ಈಚೆಯೂರು, ಆಚೆಯೂರು ಅಂತ ಬೋರ್ಡಿನ ಮೇಲೆ ಬರೆಯುವುದೇನು, ಕಂಡಕ್ಟರಿಗೆ ವರದಿ ಒಪ್ಪಿಸುವುದೇನು! ನನಗೂ ಒಳಗೊಳಗೆ ನಾಚಿಕೆಯಾಗತೊಡಗಿತ್ತು, ನಾನೇ ಅವಸರ ಮಾಡಿದೆನೇನೋ ಅಂತ.

ಆಮೇಲೆ ಒಂದು ಸಂತೆಯ ದಿನ ಹನುಮವ್ವನ ದೊಡ್ಡಿಗೇ ಗಾಡಿ ಬಂತು. ರೇಣುಕಾ ಕಾಲೇಜಿನಲ್ಲಿದ್ದಳು. ಹನುಮವ್ವ ಸಂತೆಗೆ ಹೋಗಿದ್ದಳು. ಅರ್ಧ ಹಿಂಡಿಗಿಂತ ಹೆಚ್ಚು ಹೋಯಿತು.

ಮರುದಿನ ಸರ್ ಮತ್ತು ನಾನು ಹೋದೆವು. ಅಂದು ಕಾವಲಿಗಿದ್ದ ಈಚೆಯೂರಿನವನೊಬ್ಬ ನಡೆದದ್ದನ್ನು ಹೇಳಿದ. ಗಾಡಿ ಗಾಯರಾಣದ ನಡುವಿನ ದಾರಿಯಲ್ಲಿ ಬಂತು. ಇವರು ನೋಡಿದರು. ಒಪ್ಪಿದಂತೆ ಆಚೆಯೂರಿಗೆ ಫೋನು ಹಚ್ಚಿದರು. ಅವರೂ ಬಂದರು. ಇವರು ಈ ಅಂಚಿಗೆ ಬಡಿಗೆ ಹಿಡಿದು ನಿಂತರು, ಅವರು ಆ ಅಂಚಿಗೆ ಬಡಿಗೆ ಹಿಡಿದು ನಿಂತರು.

“ಮತ್ತ ಗಾಡಿ ಹಿಡೀಲಿಲ್ಲೇನೋ?” ಅಂದರು ಸರ್.

“ಹೆಂಗ ಹಿಡೀಬೇಕ್ರಿ? ನಾವು ನಡುವ ಇಳಿದ್ರ ಅವ್ರೂ ಇಳೀತಿದ್ರು. ಇಳದು ಗಾಯರಾಣ ನಮ್ಮದು ಅಂತಿದ್ರು. ಅವ್ರ ಮ್ಯಾಲ ಕಣ್ಣಿಟ್ಟಿದ್ವಿ. ಅವ್ರೂ ನಮ್ಮನ್ನ ನೋಡಕೋತ ನಿಂತಿದ್ರು. ನಾವು ಒಂದ ಹೆಜ್ಜೀನೂ ದಾಟಲಿಲ್ರಿ ಸರ್, ನೀವು ಹೇಳಿದಂಗ!”

ಅವನ ಮುಖದಲ್ಲಿ ಶಿಸ್ತು ಪಾಲಿಸಿದ ಹೆಮ್ಮೆ ಇತ್ತು. ನನಗೆ ಅಲ್ಲೇ ಒಂದು ಕಲ್ಲು ಎತ್ತಿಕೊಳ್ಳಬೇಕು ಅನಿಸಿತು. ಎರಡು ಊರಿನ ಗಂಡಸರು ಮುಖಾಮುಖಿ ನಿಂತಿದ್ದಾರೆ, ನಡುವೆ ಕಳ್ಳರು ನಿಧಾನಕ್ಕೆ ಕುರಿ ತುಂಬಿಕೊಳ್ಳುತ್ತಿದ್ದಾರೆ, ಇವರು ನೋಡುತ್ತಿರುವುದು ಮಾತ್ರ ಪರಸ್ಪರರ ಕಾಲನ್ನು! ಯಾರ ಹತ್ತಿರ ಹೋಗಿ ಹೇಳಿಕೊಳ್ಳಬೇಕು ಇದನ್ನು?

ಹನುಮವ್ವ ದೊಡ್ಡಿಯ ಬಾಗಿಲಲ್ಲಿ ಕೂತಿದ್ದಳು. ಉಳಿದ ಕುರಿಗಳು ಒಂದು ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಅವಳು ಬೈಯಲಿಲ್ಲ. ಬೈದಿದ್ದರೆ ಸರ್ ತಡೆದುಕೊಳ್ಳುತ್ತಿದ್ದರು. “ನೀವು ಕೂಡಿಸೀರಂತ ನಾ ಧೈರ್ಯಲೇ ಸಂತಿಗೆ ಹೋದ್ನಿರಿ ಸರ. ಇಲ್ಲಾಂದ್ರ ನಾ ಹೋಗಾಕಿ ಅಲ್ರಿ” ಅಂದಳು ಅಷ್ಟೇ. ಸರ್ ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತವರು ಎಷ್ಟೋ ಹೊತ್ತು ಏಳಲಿಲ್ಲ.

ಠಾಣೆಗೆ ಹೋದೆವು, ಕಂಪ್ಲೇಂಟ್ ಕೊಟ್ಟೆವು. ಕಳುವು ಆದದ್ದು ಎಲ್ಲಿ, ಗಾಡಿ ಹೋದದ್ದು ಯಾವ ಹದ್ದಿನಿಂದ ಎಂಬುದೇ ಮೊದಲ ಪ್ರಶ್ನೆ. ಗಾಯರಾಣ ಯಾವ ಹದ್ದಿಗೆ ಸೇರುತ್ತದೆ ಅಂತ ನಾವು ಹೇಗೆ ಹೇಳುವುದು? ಕೋರ್ಟೇ ಹೇಳಿಲ್ಲ.

ವಾರದೊಳಗೆ ಹನುಮವ್ವ ನಾಟಿಯ ಹೆಂಗಸರ ಜತೆ ಗಂಗಾವತಿಗೆ ಹೋದಳು. ಉಳಿದ ಕುರಿ ಕಾಯಲು ರೇಣುಕಾ ಕಾಲೇಜು ಬಿಟ್ಟಳು. ಕೊನೆಯ ಸೆಮಿಸ್ಟರ್ ಅದು! ಉಳಿದವನ್ನು ಇಟ್ಟುಕೊಂಡು ಮತ್ತೆ ಹಿಂಡು ಬೆಳೆಸಿದರೆ ತಾಯಿ ತಿರುಗಿ ಬರಬಹುದು, ಮಗಳು ಪರೀಕ್ಷೆಗೆ ಕೂರಬಹುದು. ಅವೂ ಹೋದರೆ ಮುಗಿಯಿತು.

ಸರ್ ಮತ್ತೆ ಸಭೆ ಕರೆದರು, ಅದೇ ಬಸ್ ನಿಲ್ದಾಣದಲ್ಲಿ. ಈ ಸಲ ಅವರು ನಿಂತು ಹೇಳಿದ ಮೊದಲ ಮಾತು: “ಇವತ್ತ ಗಾಯರಾಣದ ಮಾತ ಆಡೂಣು.” ಎರಡೂ ಬೆಂಚಿನವರು ಎದ್ದುಬಿಡುವ ಮೊದಲೇ ಮುಂದುವರಿಸಿದರು. “ಯಾರದು ಅಂತ ನಾ ಕೇಳೂದಿಲ್ಲ. ಅದನ್ನ ಕೋರ್ಟ್ ನೋಡಕೋತೈತಿ. ಸಂತಿ ದಿನ ಮಾತ್ರ, ಈ ಊರಿನಾಂವ ಒಬ್ಬ, ಆ ಊರಿನಾಂವ ಒಬ್ಬ, ಇಬ್ಬರೂ ಕೂಡಿ ನಡುವ ನಿಂದರ್ರಿ. ಒಬ್ಬನs ನಿಂತ್ರ ಹಕ್ಕು ಆಗ್ತೈತಿ, ಇಬ್ಬರೂ ನಿಂತ್ರ ಕಾವಲು ಆಗ್ತೈತಿ.”

ಎಂಥ ಛಂದದ ಮಾತು! ಇಷ್ಟು ಸರಳ ಉಪಾಯ ಯಾವ ದೊಡ್ಡ ಒಕ್ಕೂಟಕ್ಕೂ ಹೊಳೆದಿರಲಿಕ್ಕಿಲ್ಲ ಅಂತ ನನಗೆ ಅನ್ನಿಸಿತು. ಗೌಡರಿಗೆ ಹಾಗೆ ಅನ್ನಿಸಲಿಲ್ಲ. “ಗುರುಗಳ, ನೀವು ಆ ಊರಿನವ್ರ ಕಡಿಂದ ಬಂದೀರಿ” ಅಂದರು. ಯಜಮಾನರು, “ನಮ್ಮನ್ನ ಒಳಗ ಎಳದು ಕೇಸ್ ಕೆಡಸಾಕ ಗೌಡ್ರು ನಿಮ್ಮನ್ನ ಕಳಸ್ಯಾರ” ಅಂದರು. ಎರಡೂ ಬೆಂಚು ಖಾಲಿಯಾದವು. ತಂದಿಟ್ಟ ಚಹಾ ಆರಿಹೋಯಿತು.

ಎರಡು ದಿನ ಬಿಟ್ಟು ಕಾಲೇಜಿನ ಮುಂದೆ ಒಂದು ಟ್ರ್ಯಾಕ್ಸ್ ಜೀಪು ಬಂದು ನಿಂತಿತು. ನಾನು ಮತ್ತು ಸರ್ ಮೇಲಿನ ವರಾಂಡದಲ್ಲಿದ್ದೆವು. ಮೊದಲು ಗೌಡರು ಇಳಿದರು. ಹಿಂದೆ ಯಜಮಾನರು ಇಳಿದರು. ಆಮೇಲೆ ಎರಡೂ ಊರಿನ ಹಿರಿಯರು ಒಬ್ಬರ ಹಿಂದೆ ಒಬ್ಬರು. ಸರ್ ನನ್ನ ತೋಳು ಹಿಡಿದು ಅಲ್ಲಾಡಿಸಿದರು. “ಮೇಡಂ, ನೋಡ್ರಿ ನೋಡ್ರಿ, ಒಂದ ಗಾಡ್ಯಾಗ ಬಂದಾರ! ತೊಡಿಗೆ ತೊಡಿ ಹಚ್ಚಿ ಕುಂತು ಬಂದಾರ!” ಅವರ ಕಣ್ಣು ತುಂಬಿದ್ದವು. ಒಪ್ಪಿಕೊಂಡು ಬಂದಿದ್ದಾರೆ ಅಂತ ತಿಳಿದುಬಿಟ್ಟಿದ್ದರು ಪಾಪ. ಮೆಟ್ಟಿಲು ಇಳಿಯುತ್ತ ಪ್ಯೂನಿಗೆ ಎಲ್ಲರಿಗೂ ಚಹಾ ಹೇಳಿದರು.

ಬಂದವರು ಪ್ರಾಚಾರ್ಯರ ಕೋಣೆಗೆ ಹೋದರು. ಈ ಮಾಸ್ತರರು ಊರೂರಿಗೆ ಬಂದು ಜಗಳ ಹಚ್ಚುತ್ತಿದ್ದಾರೆ, ಇನ್ನು ಮೇಲೆ ನಮ್ಮ ಎರಡೂ ಊರಿನ ಹದ್ದಿನಲ್ಲಿ ಕಾಲಿಡಬಾರದು ಅಂತ ಹೇಳಿದರು. ಎಲ್ಲರೂ ಹೂಂ ಅಂದರು. ಒಬ್ಬನೂ ಬೇರೆ ಮಾತಾಡಲಿಲ್ಲ. ಇಡೀ ಆಯುಷ್ಯ ಒಮ್ಮತ ಒಮ್ಮತ ಅಂತ ಜಪಿಸಿದ ಮನುಷ್ಯ ಕೊನೆಗೂ ಒಮ್ಮತ ನೋಡಿದರು! ಪ್ರಾಚಾರ್ಯರು ಕೈಮುಗಿದು, ನಾನು ಹೇಳುತ್ತೇನೆ ಬಿಡಿ ಅಂದರು. ಸರ್ ತರಿಸಿದ ಚಹಾವನ್ನು ಎಲ್ಲರೂ ಕುಡಿದು, ಅದೇ ಟ್ರ್ಯಾಕ್ಸಿನಲ್ಲಿ ಹೋದರು. ಆ ದಿನ ಬಸ್ಸಿನಲ್ಲಿ ಸರ್ ಕೊನೆಯ ಸೀಟಿಗೆ ಹೋಗಿ ಕೂತರು. ಕಂಡಕ್ಟರೂ ಡ್ಯಾಮಿನ ಮಾತು ತೆಗೆಯಲಿಲ್ಲ.

ಇದಾದ ಮೇಲೆ ಅಜಾತಶತ್ರು ಅಂತೆ!

ನಿವೃತ್ತಿಯ ನಂತರ ಮನೆಯಲ್ಲಿ ಸುಮ್ಮನೆ ಇರುತ್ತಾರೆ ಅಂದುಕೊಂಡಿದ್ದೆ. ಹೋದ ವಾರ ಅವರ ಹೆಂಡತಿ ನನಗೆ ಫೋನು ಮಾಡಿದರು. “ನೀವಾದ್ರೂ ಬುದ್ಧಿ ಹೇಳ್ರೆವಾ. ಬಿ.ಪಿ. ಅದ, ಮೊಣಕಾಲ ಬ್ಯಾನಿ ಅದ. ಸಂತಿ ದಿನ ಬಂತಂದ್ರ ಬುತ್ತಿ ಕಟಗೊಂಡು ಬಸ್ಸ ಹತ್ತತಾರ. ಗಾಯರಾಣದಾಗ ಹೋಗಿ ಕುಂದರತಾರಂತ.” ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಸಂತೆಯ ದಿನ ರಜೆ ಹಾಕಿ ಹೋದೆ.

ಡಾಂಬರು ರಸ್ತೆಯಿಂದ ಗಾಯರಾಣದ ಬಂಡಿದಾರಿ ಹಿಡಿದು ನಡೆದೆ. ನಡುವಿನ ಜಾಲಿಗಿಡದ ಕೆಳಗೆ, ದಾರಿಗೆ ಅಡ್ಡವಾಗಿ, ಸರ್ ಕೂತಿದ್ದರು. ತಲೆಗೆ ಟವೆಲು, ಕೈಯಲ್ಲಿ ಮೊಬೈಲು. ರೇಣುಕಾ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದಳು. ನನಗೆ ಬೈಯಲು ಬಂದದ್ದೇ ಮರೆತುಹೋಗುವ ಹಾಗೆ ಅವರು ಕಂಡರು, ಅಷ್ಟು ಸೊರಗಿದ್ದರು. ಆದರೂ ಬೈದೆ.

“ಸರ್, ಏನ್ ಹುಚ್ಚ ಇದು? ಎರಡೂ ಊರಿನವ್ರು ಕಾಲಿಡಬ್ಯಾಡ್ರಿ ಅಂದಾರ. ಬಡಿಗಿ ತಗೊಂಡು ಬಂದ್ರ ಏನ್ ಮಾಡ್ತೀರಿ?”

“ಬರೂದಿಲ್ಲ ಕುಂದರ್ರಿ” ಅಂದರು.

ನಾನು ಕೂರುವುದಕ್ಕೂ ಈಚೆಯೂರಿನ ಕಡೆಯಿಂದ ಬೈಕೊಂದು ಬರುವುದಕ್ಕೂ ಸರಿಹೋಯಿತು. ಗೌಡರೇ. ಅಂಚಿಗೆ ಬಂದು ಗಾಡಿ ನಿಲ್ಲಿಸಿದರು, ಒಳಗೆ ಬರಲಿಲ್ಲ. ಅಲ್ಲಿಂದಲೇ ಕೂಗಿದರು. “ಗುರುಗಳ, ನಮ್ಮ ಹದ್ದಿನಾಗ ಕಾಲಿಡಬ್ಯಾಡ್ರಿ ಅಂತ ಹೇಳಿದ್ವೋ ಇಲ್ಲೋ?”

ಸರ್ ಮೊಣಕಾಲಿಗೆ ಕೈಕೊಟ್ಟು ಎದ್ದು ನಿಂತರು. ಕನ್ನಡಕ ತೆಗೆಯಲಿಲ್ಲ.

“ಇದು ನಿಮ್ಮ ಹದ್ದೇನ್ರಿ ಗೌಡ್ರ? ಹೌದು ಅನ್ರಿ, ಈಗಿಂದೀಗ ಹೋಗ್ತೀನಿ. ಆಚೆಯೂರಿನ ಯಜಮಾನ್ರಿಗೆ ಫೋನ್ ಹಚ್ಚತೀನಿ, ಗಾಯರಾಣ ಗೌಡ್ರದಂತ, ನನ್ನ ಎಬಿಸ್ಯಾರ ಅಂತ ಹೇಳೇ ಹೋಗ್ತೀನಿ.”

ಗೌಡರು ಬಾಯಿ ತೆರೆದರು. ಆಚೆಯೂರಿನ ಕಡೆ ನೋಡಿದರು. ಅಲ್ಲಿಯೂ ಅಂಚಿನಲ್ಲಿ ಯಾರೋ ಇಬ್ಬರು ನಿಂತು ಇತ್ತಲೇ ನೋಡುತ್ತಿದ್ದರು. ತೆರೆದ ಬಾಯಿ ಮುಚ್ಚಿಕೊಂಡು, ಬೈಕಿಗೆ ಒಂದು ಒದೆ ಕೊಟ್ಟು, ತಿರುಗಿಸಿಕೊಂಡು ಹೋದರು.

ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಷ್ಟು ತಿಂಗಳ ಸಿಟ್ಟೆಲ್ಲ ಆ ನಗುವಿನಲ್ಲಿ ಬಂತು. “ಸರ್, ಗೆದ್ರಿ ನೀವು!” ಅಂದೆ.

“ನಗಬ್ಯಾಡ್ರಿ!” ಅಂದರು ಸರ್. ಕೂಗಿಯೇ ಅಂದರು. ರೇಣುಕಾ ತಿರುಗಿ ನೋಡಿದಳು. ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಏನ್ ಗೆದ್ದೆ? ಎರಡೂ ಊರಾಗ ಅಷ್ಟ ಮಂದಿ ಗಂಡಸರದಾರ. ಇಲ್ಲಿ ಇಬ್ಬರು ನಿಂತಿದ್ರ ನಾ ಇಲ್ಲಿ ಕುಂದರಬೇಕಾಗಿತ್ತೇನು? ಅಕಿ ಸಾಲಿ ಬಿಡಬೇಕಾಗಿತ್ತೇನು? ನನ್ನ ಕಡಿಂದ ಎಷ್ಟ ಸಂತಿ ಆಗ್ತಾವ ಮೇಡಂ?”

ಅವರು ಮತ್ತೆ ದಾರಿಗೆ ಅಡ್ಡವಾಗಿ ಕೂತರು.